ಮುಂಕೋಣೆಯ ಸಭೆ

ರೊಟ್ಟಿಯ ತಟ್ಟೆ ಅತ್ತೆಯ ಮುಂದೆ ನಿಲ್ಲಲಿಲ್ಲ. ಮುದುಕಿ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು ಚಾಚಿ, ಕಣ್ಣು ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ತಟ್ಟೆ ಅವಳನ್ನು ದಾಟಿ ಸೊಸೆಯ ಬಳಿಗೆ, ಸೊಸೆಯಿಂದ ಎಂಟು ವರ್ಷದ ಮೊಮ್ಮಗಳ ಬಳಿಗೆ ಹೋಗಿ ಮತ್ತೆ ಮೇಜಿನ ಮೇಲೆ ಬಂದು ಕೂತಿತು. ಆಮೇಲೂ ಎಷ್ಟೋ ಹೊತ್ತು ಆ ಎರಡು ಕೈಗಳು ಹಾಗೇ ಚಾಚಿಕೊಂಡಿದ್ದವು... ತಟ್ಟೆ ಹಿಡಿದಿದ್ದವನು ಅವಳು ಹೆತ್ತ ಮಗ, ಸೊಸೆಯ ಗಂಡ. ಅಮ್ಮ ಕಣ್ಣು ತೆರೆದು ತನ್ನ ಖಾಲಿ ಅಂಗೈ ನೋಡಿಕೊಂಡಾಗ ಅವನು ಮೆತ್ತಗಿನ ದನಿಯಲ್ಲಿ, ಪಶ್ಚಾತ್ತಾಪವಿಲ್ಲದವರಿಗೆ ಇದರಲ್ಲಿ ಪಾಲಿಲ್ಲ ಎಂದು ಹೇಳಿ ಪ್ರಾರ್ಥನೆ ಮುಂದುವರಿಸಿದ.

ಸೊಸೆಯ ಬಾಯಲ್ಲಿದ್ದ ರೊಟ್ಟಿಯ ಚೂರು ನುಂಗಲಾರದ ತುತ್ತಾಯಿತು. ಅವಳು ಹನ್ನೊಂದು ವರ್ಷದಿಂದ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು. ರಕ್ತದ ಹಾಸಿಗೆವಸ್ತ್ರ, ಕೀವಿನ ಪಟ್ಟಿ, ವಾಂತಿಯ ದಿಂಬುಚೀಲ ಎಲ್ಲವನ್ನೂ ಬೇರೆ ಬೇರೆ ಮಾಡಿ, ಯಾವುದನ್ನು ಮೊದಲು ತಣ್ಣೀರಿಗೆ ಹಾಕಬೇಕು, ಯಾವುದನ್ನು ನೇರ ಕುದಿನೀರಿಗೆ ಎಂದು ವಿಂಗಡಿಸಿ, ಆಮೇಲೆ ಕೈತೊಳೆದು ನೆಮ್ಮದಿಯಾಗಿ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಹೊಸದಾಗಿ ಸೇರಿದ ಹುಡುಗಿಯರು ಮೂಗು ಮುಚ್ಚಿಕೊಂಡು ಓಡಿದರೆ ನಗುತ್ತಿದ್ದಳು. ಅಂಥವಳಿಗೆ ಆ ಭಾನುವಾರ ಬೆಳಿಗ್ಗೆ, ತಾನೇ ಒಗೆದು ಇಸ್ತ್ರಿ ಮಾಡಿದ ಬಿಳೀ ಮೇಜುವಸ್ತ್ರದ ಎದುರು ಕೂತು ವಾಕರಿಕೆ ಬಂತು.

ಗಂಡ ಬಟ್ಟೆ ಗಿರಣಿಯಲ್ಲಿ ಪರೀಕ್ಷಕ. ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ಥಾನುಗಟ್ಟಲೆ ಬಟ್ಟೆ ಸರಿದು ಹೋಗುತ್ತದೆ. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ ಎಂದು ನೋಡಿ ಸೀಮೆಸುಣ್ಣದಲ್ಲಿ ಸುತ್ತು ಹಾಕುವುದು ಅವನ ಕೆಲಸ. ಚರ್ಚಿನಲ್ಲೂ ಅವನು ಮಾಡಿದ್ದು ಅದನ್ನೇ. ಸಭೆಯ ಕಮಿಟಿಗೆ ಆರಿಸಿ ಬಂದ ಎರಡೇ ವರ್ಷದಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನಕ್ಕೆ ಯಾರು ಯೋಗ್ಯರು, ಯಾರು ಅಲ್ಲ ಎಂದು ಚೀಟಿ ಬರೆದು ಸಭಾಪಾಲಕರ ಕೈಗೆ ಕೊಡಲು ಶುರುಮಾಡಿದ. ಮೂರನೇ ಚೀಟಿಗೆ ಹಿರಿಯರು ಅವನನ್ನು ಎದುರಿಗೆ ಕೂರಿಸಿಕೊಂಡು, ಇದು ನಿನಗೆ ಯಾರೂ ಒಪ್ಪಿಸಿದ ಕೆಲಸವಲ್ಲಪ್ಪ, ಸಾಕು ಮಾಡು ಎಂದರು. ಹುಟ್ಟಿದಾಗಿನಿಂದ ಅವನಿಗೆ ಸಾಕು ಮಾಡು ಎಂದವರು ಅವರು ಮಾತ್ರ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಪುಣ್ಯಾತ್ಮ, ಮುಂದಿನ ಭಾನುವಾರದಿಂದ ಚರ್ಚಿಗೆ ಹೋಗುವುದನ್ನೇ ಬಿಟ್ಟ. ಇಬ್ಬರು ಮೂವರು ಕೂಡಿದರೆ ದೇವರು ಅಲ್ಲೇ ಇರುತ್ತಾನೆ, ನಮಗೆ ಕಟ್ಟಡವೂ ಬೇಡ ಕಮಿಟಿಯೂ ಬೇಡ ಎಂದು ಮನೆಯ ಮುಂಕೋಣೆಯಲ್ಲೇ ಸಭೆ ಹೂಡಿದ.

ನಿಜ ಹೇಳಬೇಕೆಂದರೆ ಆಗ ಸೊಸೆಗೂ ಅದು ಹಿತವೇ ಆಗಿತ್ತು. ಅವಳಿಗೂ ಚರ್ಚೆಂದರೆ ಅಷ್ಟಕ್ಕಷ್ಟೇ. ಬಾಗಿಲಲ್ಲೇ ನಿಂತು ಆಡುವ ಚಾಡಿ, ಫ್ಯಾನಿನ ಕೆಳಗಿನ ಬೆಂಚಿಗಾಗಿ ಹಲ್ಲು ಕಡಿತ, ಕಮಿಟಿ ಚುನಾವಣೆ ಹತ್ತಿರ ಬಂದರೆ ಪ್ರಾರ್ಥನೆಯ ನಡುವೆಯೇ ಕಣ್ಸನ್ನೆ, ಶ್ರುತಿಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಹಾಡುವ ಗುಂಪು... ವಾರದಲ್ಲಿ ಆರು ದಿನ ಊರಿನ ಹೊಲಸು ತೊಳೆದು ಬಂದವಳಿಗೆ ಏಳನೆಯ ದಿನವೂ ಅದೇ ಯಾಕೆ ಅನ್ನಿಸಿತ್ತು. ಭಾನುವಾರ ಇನ್ನೊಂದು ಅರ್ಧ ಗಂಟೆ ಮಲಗಬಹುದಲ್ಲ ಎಂದು ಸುಮ್ಮನೆ ತಲೆಯಾಡಿಸಿದಳು. ಆ ಅರ್ಧ ಗಂಟೆಯ ನಿದ್ದೆಗೆ ತಾನು ಏನೇನು ಬಿಟ್ಟುಕೊಟ್ಟೆ ಎಂಬುದು ತಿಳಿಯಲು ಅವಳಿಗೆ ಮೂರು ವರ್ಷ ಬೇಕಾಯಿತು.

ಹಾಳೂರಿಗೆ ಉಳಿದವನೇ ಗೌಡ. ಮುಂಕೋಣೆಯಲ್ಲಿ ಅವನೇ ಸಭಾಪಾಲಕ, ಅವನೇ ಕಮಿಟಿ, ಅವನೇ ಗಾಯನ ಮಂಡಳಿ. ಕೈಕುರ್ಚಿ ಅವನಿಗೆ, ಮೂರು ಸ್ಟೂಲು ಉಳಿದವರಿಗೆ. ಅವನ ಬೋಧನೆಯ ಪ್ರಸಂಗದ ವಿಷಯ ಪ್ರತಿ ವಾರವೂ ಆ ಮೂರು ಸ್ಟೂಲಿನ ಮೇಲಿದ್ದವರೇ. ಪ್ರಸಂಗ ಮುಗಿದ ಮೇಲೆ ಒಬ್ಬೊಬ್ಬರೂ ಎದ್ದು ನಿಂತು ವಾರದ ತಪ್ಪು ಹೇಳಬೇಕು. ಕ್ಷಮೆ ಸಿಕ್ಕಿತೋ ಇಲ್ಲವೋ ಅವನು ಹೇಳುತ್ತಾನೆ. ಸಿಗದಿದ್ದವರ ಜೊತೆ ಮುಂದಿನ ಭಾನುವಾರದವರೆಗೆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಪ್ರಸಂಗದ ನಡುವೆ ಆಕಳಿಸಿದ್ದಕ್ಕೆ ಸೊಸೆ ಒಮ್ಮೆ ಅಂಥ ಮೌನದ ವಾರ ಕಳೆದಿದ್ದಳು. ಅಂದಿನಿಂದ ಅವಳು ಬುದ್ಧಿ ಕಲಿತಳು. ಶನಿವಾರ ಬಟ್ಟೆ ಮಡಿಸುವಾಗಲೇ ಒಂದೆರಡು ಸಣ್ಣ ತಪ್ಪುಗಳನ್ನು ಹೊಂದಿಸಿಟ್ಟುಕೊಳ್ಳುತ್ತಿದ್ದಳು, ಅವನಿಗೆ ಕ್ಷಮಿಸಲು ಖುಷಿಯಾಗುವಂಥವು. ದೇವರ ಎದುರು ಸುಳ್ಳು ಪಾಪ ಹೇಳಿ ಸುಳ್ಳು ಕಣ್ಣೀರು ಒರೆಸಿಕೊಳ್ಳುವುದು ಅವಳಿಗೆ ಕೈಕೆಲಸದಷ್ಟೇ ಸಲೀಸಾಗಿಹೋಗಿತ್ತು.

ಅತ್ತೆಯ ಈ ವಾರದ ತಪ್ಪು ಮಾತ್ರ ಸುಳ್ಳಲ್ಲ. ಚರ್ಚಿನಲ್ಲಿ ಮನೆ ಬಿಟ್ಟು ಹೊರಬರಲಾಗದ ರೋಗಿಗಳದೊಂದು ಪಟ್ಟಿಯಿದೆ. ತಿಂಗಳಿಗೊಮ್ಮೆ ಯಾರಾದರೂ ಹೋಗಿ ನೋಡಿಕೊಂಡು ಬರಬೇಕು. ಮೂರು ವರ್ಷದಿಂದ ಬಂದವರನ್ನೆಲ್ಲ ಮಗ ಬಾಗಿಲಲ್ಲೇ ತಡೆದು, ಅಮ್ಮ ಮಲಗಿದ್ದಾರೆ ಎಂದು ಕಳಿಸುತ್ತಿದ್ದ. ಈ ಗುರುವಾರ ಅವನು ಗಿರಣಿಯಲ್ಲಿದ್ದಾಗ ಚರ್ಚಿನ ಕಡೆಯಿಂದ, ಹೊಲಿಗೆ ಅಂಗಡಿಯ ಟೈಲರಮ್ಮ ಬಂದು ಬಾಗಿಲು ತಟ್ಟಿದಳು. ಅತ್ತೆ ಬಾತುಕೊಂಡ ಕಾಲುಗಳಲ್ಲಿ ಗೋಡೆ ಹಿಡಿದುಕೊಂಡು ಬಂದು ತಾನೇ ಚಿಲಕ ತೆಗೆದಳು. ಇಬ್ಬರೂ ಹತ್ತು ನಿಮಿಷ ಕೂತು ಪ್ರಾರ್ಥನೆ ಮಾಡಿದರು. ಮೊಮ್ಮಗಳು ಅದನ್ನು ಭಾನುವಾರ ಅಪ್ಪನಿಗೆ ಒಪ್ಪಿಸಿದಳು, ಕೇಳಿದಾಗ ಸುಳ್ಳು ಹೇಳಬಾರದಲ್ಲ. ಅದು ತಪ್ಪಾಯಿತು ಎಂದು ಹೇಳು ಎಂದು ಮಗ ಕೂತಲ್ಲೇ ಅಪ್ಪಣೆ ಮಾಡಿದ. ಅತ್ತೆ ಹೇಳಲಿಲ್ಲ.

ಅವನು ಎದ್ದು ಹೊರಗೆ ಹೋದ ಮೇಲೆ ಸೊಸೆ ಬಾಗಿಲು ಓರೆ ಮಾಡಿ ಅತ್ತೆಯ ಮಂಚದ ಬಳಿ ಕೂತಳು. ಮಾತಾಡುವಂತಿಲ್ಲವೆಂಬ ಕಟ್ಟಳೆ ಮೀರಿ ಪಿಸುಗುಟ್ಟಿದಳು.

"ಒಂದು ಮಾತು ಹೇಳಿಬಿಡಿ ಅತ್ತೆ. ನಾನೂ ಹಾಗೇ ಮಾಡೋದು. ಬಾಯಿ ಮಾತು ತಾನೇ?"

"ಬೇರೆ ಯಾವುದಕ್ಕೆ ಬೇಕಾದ್ರೂ ಹೇಳ್ತೀನಿ ಕಣೇ. ಪ್ರಾರ್ಥನೆ ಮಾಡಿದ್ದಕ್ಕೆ ತಪ್ಪಾಯ್ತು ಅಂತ ಹೇಳ್ಲಾ?" ಅತ್ತೆಗೆ ಒಂದೊಂದು ಮಾತಿಗೂ ಉಸಿರು ಸಾಲುತ್ತಿರಲಿಲ್ಲ. ಹೃದಯ ದಣಿದಿದೆ, ಇನ್ನು ಕೆಲವೇ ವಾರ ಎಂದು ಡಾಕ್ಟರು ಹೇಳಿ ಆಗಲೇ ಹತ್ತು ದಿನವಾಗಿತ್ತು. "ಸಾಯೋದ್ರೊಳಗೆ ಒಂದ್ಸಲ ಎಲ್ಲರ ಜೊತೆ ಸಾಲಲ್ಲಿ ಇದ್ದು ತಗೋಬೇಕು. ಇವನ ಕೈಯಿಂದ ಬೇಡ. ಇವನು ಕೊಟ್ರೆ ಅದು ಇವನದ್ದಾಗತ್ತೆ... ಅಲ್ಲಿ ಕೊಡೋದು ಯಾರ ಸ್ವತ್ತೂ ಅಲ್ಲ. ನನ್ನ ಕರ್ಕೊಂಡು ಹೋಗ್ತೀಯಾ?"

ಮೂರನೇ ಮಹಡಿಯಿಂದ ಇವಳನ್ನು ಇಳಿಸುವವರು ಯಾರು, ಇಳಿಸಿದ ಮೇಲೆ ಮತ್ತೆ ಹತ್ತಲು ಅವನು ಬಿಡುತ್ತಾನೆಯೇ ಎಂಬ ಭಯ ಸೊಸೆಯ ಬಾಯಿಗೆ ಬೀಗ ಹಾಕಿತು.

ಬೀಗ ಬಿಚ್ಚಿದ್ದು ಮಂಗಳವಾರ. ಸಂಜೆ ನಾಲ್ಕಕ್ಕೆ ಪಾಳಿ ಮುಗಿಸಿ ಬಂದು ಬಾಗಿಲು ತೆರೆಯುವಾಗಲೇ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಮಗೂ, ನೀರು... ಮಗೂ, ನೀರು... ಮುದುಕಿಯ ಅಂಗೈಯಲ್ಲಿದ್ದ ಮಾತ್ರೆ ಬೆವರಿಗೆ ಕರಗಿ ಬೆರಳುಗಳಿಗೆಲ್ಲ ಮೆತ್ತಿಕೊಂಡಿತ್ತು. ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಮೇಜಿನ ಮುಂದೆ ಮಗಳು ಶಾಲೆಯ ಲೆಕ್ಕ ಮಾಡುತ್ತ ಕೂತಿದ್ದಳು. ಅವಳ ಮೊಣಕೈ ಪಕ್ಕದಲ್ಲೇ ನೀರಿನ ಜಗ್ಗು ಇತ್ತು. ಕಿವಿ ಕೇಳುವುದಿಲ್ಲವೇ ಎಂದು ತಾಯಿ ಗದರಿದಾಗ ಮಗು ತಲೆಯೆತ್ತಿ, ಅಪ್ಪನದೇ ಆ ಮೆತ್ತಗಿನ ದನಿಯಲ್ಲಿ ಹೇಳಿತು.

"ಅಜ್ಜಿಗೆ ಇನ್ನೂ ಕ್ಷಮೆ ಆಗಿಲ್ಲ ಅಮ್ಮ. ನಾನು ಕೊಟ್ರೆ ನಂದೂ ತಪ್ಪಾಗತ್ತೆ."

ಸೊಸೆಯ ಕೈ ಹೊಡೆಯಲು ಮೇಲೆದ್ದಿತು, ಹಾಗೇ ಇಳಿಯಿತು. ಯಾರನ್ನು ಹೊಡೆಯುವುದು? ಸುಳ್ಳು ಪಾಪ ಹೇಳಿ ಸುಖವಾಗಿದ್ದವಳು ತಾನು. ಮಗಳು ಪಾಪ, ಎಲ್ಲವನ್ನೂ ನಿಜವೆಂದೇ ನಂಬಿದ್ದಳು. ಅತ್ತೆಗೆ ನೀರು ಕುಡಿಸಿ, ಹೊಸ ಮಾತ್ರೆ ಕೊಟ್ಟು, ಅಡುಗೆಮನೆಗೆ ಹೋಗಿ ತೊಟ್ಟಿಯ ಅಂಚು ಹಿಡಿದು ನಿಂತಳು. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಗಂಡನ ಮೇಲಿನ ಹೇಸಿಗೆಗಿಂತ ತನ್ನ ಮೇಲಿನ ಹೇಸಿಗೆ ಹೆಚ್ಚಾಗಿತ್ತು... ಕಲೆ ಹಸಿಯಾಗಿದ್ದಾಗ ತೊಳೆದರೆ ಹೋಗುತ್ತದೆ, ಒಣಗಲು ಬಿಟ್ಟರೆ ಬಟ್ಟೆಯ ಜೊತೆಗೇ ಹೋಗಬೇಕು. ಮಗಳಿಗೆ ಇನ್ನೂ ಎಂಟೇ ವರ್ಷ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಮರುದಿನ ಊಟದ ಬಿಡುವಿನಲ್ಲಿ ಟೈಲರಮ್ಮನ ಅಂಗಡಿಗೆ ಹೋದಳು. ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಊರಿನ ಸುದ್ದಿಯೆಲ್ಲ ಹೇಳಬಲ್ಲವಳು. ಚರ್ಚಿನ ಬಾಗಿಲ ಚಾಡಿಯಲ್ಲಿ ಅರ್ಧ ಅವಳದೇ. ಮೂರು ವರ್ಷದ ಮೇಲೆ ದಾರಿ ನೆನಪಾಯಿತೇ ಎಂದು ಮೊದಲು ಚುಚ್ಚಿದಳು. ಎಲ್ಲ ಕೇಳಿದ ಮೇಲೆ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟು, ಭಾನುವಾರ ಒಂಬತ್ತಕ್ಕೆ ಕುರ್ಚಿ ಹೊರಲು ಇಬ್ಬರು ಗಂಡಸರನ್ನು ಕರೆತರುತ್ತೇನೆ ಎಂದಳು. ಸೊಸೆ ಅವಳ ಕೈ ಹಿಡಿದುಕೊಂಡಳು. ಅತ್ತೆಯ ಮೇಲೆ ನಿಮಗೆ ಇಷ್ಟು ಪ್ರೀತಿ ಇದೆ ಎಂದು ಗೊತ್ತಿರಲಿಲ್ಲ ಎಂದಳು.

"ಪ್ರೀತಿ ಗೀತಿ ಅಂತೆಲ್ಲ ಅಂದ್ಕೋಬೇಡ. ನಿಮ್ಮತ್ತೆ ನನ್ನ ಹೊಲಿಗೆಗೆ ಹೆಸರಿಟ್ಟಿದ್ದು ನಾನಿನ್ನೂ ಮರ್ತಿಲ್ಲ. ಪಟ್ಟಿಯಲ್ಲಿ ಹೆಸರಿತ್ತು, ನನ್ನ ಸರದಿ ಬಂತು, ಬಂದೆ. ಬರೀ ಪ್ರೀತಿ ನಂಬ್ಕೊಂಡಿದ್ರೆ ನಿನ್ನ ಗಂಡ ಮೊದಲ ಸಲ ಬಾಗಿಲು ಹಾಕಿದಾಗ್ಲೇ ಬಿಟ್ಟುಬಿಡ್ತಿದ್ವಿ."

ಎಂಥ ಒಣ ಮಾತು ಎಂದು ಸೊಸೆಗೆ ಮೊದಲು ಅಸಹ್ಯವೇ ಆಯಿತು. ಆಸ್ಪತ್ರೆಗೆ ವಾಪಸು ನಡೆಯುತ್ತ ಮತ್ತೆ ಯೋಚಿಸಿದಳು. ಮೂರು ವರ್ಷ, ತಿಂಗಳಿಗೊಬ್ಬರಂತೆ, ಇಷ್ಟವಿದ್ದವರೂ ಇಲ್ಲದವರೂ ಮೂರು ಮಹಡಿ ಹತ್ತಿ ಬಂದು ಮುಖಕ್ಕೆ ಬಾಗಿಲು ಹಾಕಿಸಿಕೊಂಡು ಇಳಿದು ಹೋಗಿದ್ದರು. ಮನೆಯೊಳಗೆ ಪ್ರೀತಿಸುವವರು ಮೂರು ಜನರಿದ್ದೂ ಒಂದು ಲೋಟ ನೀರಿಗೆ ಗತಿಯಿರಲಿಲ್ಲ.

ಭಾನುವಾರ ಒಂಬತ್ತಕ್ಕೆ ಬಾಗಿಲು ತಟ್ಟಿದ ಸದ್ದಾದಾಗ ಅವನು ಮೇಜುವಸ್ತ್ರದ ಸುಕ್ಕು ತೀಡುತ್ತಿದ್ದ. ಸೊಸೆ ಹೋಗಿ ಚಿಲಕ ತೆಗೆದಳು. ಟೈಲರಮ್ಮ, ಅವಳ ಹಿಂದೆ ಒಬ್ಬ ಬಸ್ಸು ಓಡಿಸುವವನು, ಒಬ್ಬ ಗಾರೆ ಕೆಲಸದವನು, ಜೊತೆಗೆ ಒಂದು ಕಬ್ಬಿಣದ ಕುರ್ಚಿ. ಅತ್ತೆ ಆಗಲೇ ಕೂದಲು ಬಾಚಿಕೊಂಡು ಮಂಚದ ಅಂಚಿಗೆ ಬಂದಿದ್ದಳು. ಮಗ ದನಿಯೇರಿಸಲಿಲ್ಲ, ಅವನು ಎಂದೂ ಏರಿಸಿದವನಲ್ಲ. ಗಾರೆಯವನನ್ನು ನೋಡಿ, ಇವನು ಯಾವ ಬಾಯಲ್ಲಿ ರೊಟ್ಟಿ ತಿನ್ನುತ್ತಾನೆಂದು ನನಗೆ ಗೊತ್ತು ಎಂದ. ಹೆಂಡತಿಯ ಕಡೆ ತಿರುಗಿದ.

"ಹೊಸಿಲು ದಾಟಿದ್ರೆ ನೀವು ಮೂವರೂ ನನ್ನ ಪಾಲಿಗೆ ಇಲ್ಲ. ಆಮೇಲೆ ಬಂದು ಬಾಗಿಲು ತಟ್ಟಬೇಡ."

ಈ ಮನೆ ಬಿಟ್ಟರೆ ಅವಳಿಗೆ ಬೇರೆ ಮನೆಯಿಲ್ಲ. ಮಗಳು ಸ್ಟೂಲಿನ ಬಳಿ ನಿಂತು ಒಮ್ಮೆ ಅಪ್ಪನನ್ನು, ಒಮ್ಮೆ ಅಮ್ಮನನ್ನು ನೋಡುತ್ತಿದ್ದಳು. ಆ ನೋಟ ಕಂಡ ಮೇಲೆ ಅವಳಿಗೆ ಮಾತು ಬಂತು.

"ನೀವು ಕ್ಷಮಿಸದೇ ಇದ್ರೂ ಮನುಷ್ಯರು ಬದುಕ್ತಾರೆ. ನನ್ನ ಮಗಳು ಅದನ್ನ ಕಣ್ಣಾರೆ ನೋಡ್ಬೇಕು."

ಕುರ್ಚಿ ಹೊಸಿಲು ದಾಟುವಾಗ ಅತ್ತೆ ಕೈಚಾಚಿ ಮಗನ ಕೆನ್ನೆ ಮುಟ್ಟಲು ಹೋದಳು. ಅವನು ಮುಖ ತಿರುಗಿಸಿದ. ಅವರು ಮೊದಲ ಮಹಡಿಗೆ ಇಳಿಯುವಷ್ಟರಲ್ಲಿ ಮೇಲೆ ಚಿಲಕ ಹಾಕಿದ ಸದ್ದು ಕೇಳಿಸಿತು. ನನ್ನ ಅಂಗಡಿಯ ಹಿಂದೊಂದು ಕೋಣೆ ಇದೆ, ಇಕ್ಕಟ್ಟು, ಆದರೆ ಕಿಟಕಿ ಇದೆ ಎಂದು ಟೈಲರಮ್ಮ ಏದುಸಿರು ಬಿಡುತ್ತ ಹೇಳಿದಳು.

ಚರ್ಚು ಒಂದಿಷ್ಟೂ ಬದಲಾಗಿರಲಿಲ್ಲ. ಫ್ಯಾನಿನ ಕೆಳಗಿನ ಬೆಂಚಿಗೆ ಆವತ್ತೂ ಇಬ್ಬರು ಹೆಂಗಸರು ಮುಖ ಗಂಟಿಕ್ಕಿಕೊಂಡಿದ್ದರು. ಹಾಡುವವರು ಒಂದು ಕಡೆ, ಹಾರ್ಮೋನಿಯಂ ಒಂದು ಕಡೆ. ಸಭಾಪಾಲಕರು ನೆಗಡಿಯ ಮೂಗು ಒರೆಸಿಕೊಳ್ಳುತ್ತ, ಹೇಳಿದ್ದನ್ನೇ ಮೂರು ಸಲ ಹೇಳಿದರು. ಇವರನ್ನು ನಂಬಿ ಮನೆ ಬಿಟ್ಟು ಬಂದೆನೇ ಎಂದು ಸೊಸೆಗೆ ಮತ್ತೆ ಜಿಗುಪ್ಸೆ ಉಕ್ಕಿತು. ಆದರೆ ಸಾಲು ಶುರುವಾದಾಗ ಇಬ್ಬರು ಗಂಡಸರು ಕುರ್ಚಿಯನ್ನೆತ್ತಿ ಎಲ್ಲರ ಜೊತೆ ಸಾಲಿನಲ್ಲಿಟ್ಟರು. ಅತ್ತೆಯ ಬಲಕ್ಕೆ ಗಾರೆಯವನು ಮೊಣಕಾಲೂರಿದ. ಸಭಾಪಾಲಕರು ಯಾರನ್ನೂ ಏನೂ ಕೇಳಲಿಲ್ಲ. ಎಲ್ಲರಿಗೂ ಅದೇ ಮಾತು, ಅಷ್ಟೇ ಗಾತ್ರದ ಚೂರು. ಚಾಚಿದ ಆ ಎರಡು ಅಂಗೈಗಳ ಮೇಲೆ ರೊಟ್ಟಿ ಬಿತ್ತು... ಅತ್ತೆ ಬಹಳ ಹೊತ್ತು ಅದನ್ನು ನೋಡಿ, ಆಮೇಲೆ ಬಾಯಿಗೆ ಹಾಕಿಕೊಂಡಳು. ಅದಾದ ಮೇಲೆ ಅವಳು ಬದುಕಿದ್ದು ಹತ್ತೊಂಬತ್ತು ದಿನ.

ರೋಗಿಗಳಿಗಾಗಿ ಪ್ರಾರ್ಥಿಸುವ ಹೊತ್ತಿಗೆ ಅತ್ತೆ ಕೈಯೆತ್ತಿ ಸಭಾಪಾಲಕರನ್ನು ಕರೆದು ಕಿವಿಯಲ್ಲಿ ಏನೋ ಹೇಳಿದಳು. ಅವರು ನೆಟ್ಟಗೆ ನಿಂತು, ಈ ತಾಯಿಯ ಮಗ ಮನೆಯಲ್ಲಿ ಒಬ್ಬನೇ ಇದ್ದಾನೆ, ಅವನಿಗೆ ಸಮಾಧಾನ ಸಿಗಲಿ, ಅವನು ನಮ್ಮೊಡನೆ ಇರುವಂತಾಗಲಿ ಎಂದು ಪ್ರಾರ್ಥಿಸಿದರು. ಸೊಸೆ ಹಲ್ಲು ಕಚ್ಚಿಕೊಂಡಳು. ಆ ಮೆತ್ತಗಿನ ದನಿ, ಕರಗಿದ ಮಾತ್ರೆ, ಮಗಳ ಆ ಮುಖ... ಅವನಿಗೆ ಸಮಾಧಾನ ಸಿಗಲಿ ಎಂದು ಅವಳ ಒಳಗಿನ ಒಂದು ನರವೂ ಬಯಸಲಿಲ್ಲ. ಅಷ್ಟರಲ್ಲಿ ಸುತ್ತಲಿನ ಬೆಂಚುಗಳೆಲ್ಲ ಒಟ್ಟಿಗೆ ಆಮೆನ್ ಎಂದವು. ಟೈಲರಮ್ಮ ಕಿವಿಯ ಪಕ್ಕದಲ್ಲೇ ಗಟ್ಟಿಯಾಗಿ ಹೇಳಿದಳು. ಫ್ಯಾನಿನ ಜಗಳದವರೂ ಹೇಳಿದರು. ಅವನು ಅಯೋಗ್ಯನೆಂದು ಚೀಟಿಯಲ್ಲಿ ಬರೆದಿದ್ದ ಗಾರೆಯವನೂ ತಲೆ ಬಗ್ಗಿಸಿ ಹೇಳಿದ.

ಮಗಳು ಅವಳ ಕೈ ಜಗ್ಗಿದಳು. ಕಣ್ಣಲ್ಲಿ ಭಯವಿತ್ತು.

"ಅಮ್ಮ, ನೀನು ಆಮೆನ್ ಹೇಳ್ಲೇ ಇಲ್ಲ."

"ಇಲ್ಲ ಕಂದ. ನನಗೆ ಇವತ್ತು ಆಗ್ಲಿಲ್ಲ."

"ಮತ್ತೆ ನಿನ್ನ ಜೊತೆ ಯಾರೂ ಮಾತಾಡಲ್ವಾ?"

ಸೊಸೆ ಸುತ್ತ ನೋಡಿದಳು. ಯಾರೂ ಅವಳ ಬಾಯಿಯನ್ನು ಗಮನಿಸಿರಲಿಲ್ಲ. ಸಭೆ ಆಗಲೇ ಮುಂದಿನ ಹಾಡಿಗೆ ಎದ್ದು ನಿಂತಿತ್ತು. ಟೈಲರಮ್ಮ ತನ್ನ ಹಾಡಿನ ಪುಸ್ತಕವನ್ನು ಅರ್ಧ ಇವಳ ಕಡೆ ಸರಿಸಿ, ಬೆರಳಿಟ್ಟು ಸಾಲು ತೋರಿಸುತ್ತಿದ್ದಳು.

"ಮಾತಾಡ್ತಾರೆ," ಎಂದಳು ಅವಳು. "ನನ್ನ ಬದಲಿಗೆ ಅವರೆಲ್ಲ ಹೇಳಿದ್ದಾರೆ. ಈ ವಾರಕ್ಕೆ ಅಷ್ಟು ಸಾಕು."