ಕತ್ತಿನ ಅಳತೆ

"ಅಳತೆ ಮುಗಿದ ಕೂಡ್ಲೇ ದಾರ ಸುಟ್ಟುಬಿಡಪ್ಪಾ," ಎಂದಳು ಮುದಿ ದಾದಿ. "ಈ ಮಗೂನ ತಾಯಿ, ಅಣ್ಣ ಇಬ್ರೂ ಹೋಗಿದ್ದು ಹಾಗೇ. ಮಲತಾಯಿ ಕೈಗೆ ದಾರ ಸಿಕ್ತು, ಅವಳ ಮಂತ್ರವಾದಿ ಗಂಟು ಬಿಗಿದ."

ಹೊಸ ದರ್ಜಿ ಮೂಗು ಮುರಿದ. ಅಂಗೈಯಗಲದ ಕಸುಬು, ಆಕಾಶದಷ್ಟು ಜಂಬ. ಬಂದ ದಿನವೇ ಇಡೀ ಅರಮನೆ ಅವನ ಕಣ್ಣಿಗೆ ದಡ್ಡರ ಸಂತೆ. ಇಲ್ಲಿ ಟೇಪಿಲ್ಲ, ಮೈಗೆ ದಾರ ಹಿಡಿದು ಕತ್ತಿಗೊಂದು, ಎದೆಗೊಂದು, ಸೊಂಟಕ್ಕೊಂದು ಗಂಟು ಹಾಕಬೇಕು.

"ದಾರಕ್ಕೆ ಹೆದರೋ ರಾಜವಂಶ! ಸೂಜಿ ಕಂಡ್ರೆ ಸತ್ತೇ ಹೋಗ್ತೀರೇನೋ," ಎಂದು ನಕ್ಕ.

ಪೀಠದ ಮೇಲೆ ನಿಂತ ಹುಡುಗಿಗೆ ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರಲಿಲ್ಲ. ತಂದೆ ಹಾಸಿಗೆ ಹಿಡಿದಿದ್ದ, ಪಟ್ಟ ಇವಳಿಗೇ. ಅದಕ್ಕೇ ಅವಳನ್ನು ದಿನಕ್ಕೊಂದು ಕೋಣೆಯಲ್ಲಿ ಮಲಗಿಸುತ್ತಿದ್ದರು, ಅವಳ ಊಟವನ್ನು ಮೊದಲು ಬೆಕ್ಕಿಗೆ ಹಾಕುತ್ತಿದ್ದರು. ಅವಳು ಅಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ನಿಮ್ಮ ಕತ್ತಿನ ಅಳತೆ ನಾನು ತಗೊಳ್ಳಲಾ?" ಎಂದು ಅಳತೆ ಮುಗಿದ ಮೇಲೆ ಹುಡುಗಿ ಕೇಳಿದಳು.

"ತಗೊಳ್ಳಿ ತಾಯಿ. ಪಟ್ಟ ತಪ್ಪಿದ್ರೆ ಹೊಲಿಗೆಯಾದ್ರೂ ಬರ್ಲಿ," ಎಂದು ಹಲ್ಲು ಕಿಸಿದು ಕತ್ತು ಬಗ್ಗಿಸಿದ. ಪುಟ್ಟ ಬೆರಳುಗಳು ನಿಧಾನವಾಗಿ ಗಂಟು ಹಾಕಿದವು.

ಅವಳ ದಾರವನ್ನು ಅವನು ಸುಡಲಿಲ್ಲ. ಕಿಟಕಿಯ ಮೊಳೆಗೆ ನೇತುಹಾಕಿ ಊಟಕ್ಕೆ ಹೋದ. ಬಂದಾಗ ಮೊಳೆ ಬರಿದಾಗಿತ್ತು. ದಾದಿಯ ಮಾತು ನೆನಪಾಗಿ ನಗು ಬಂತೇ ಹೊರತು ಹೆದರಿಕೆ ಬರಲಿಲ್ಲ. ಹೋದರೆ ಹೋಗಲಿ, ಅಳತೆ ತಲೆಯಲ್ಲಿದೆ ಎಂದು ರೇಷ್ಮೆ ಹರಡಿ ಕತ್ತರಿ ಹಿಡಿದ.

ಮೊದಲು ವಾಸನೆ ಬಂತು. ಸುಟ್ಟ ಕೂದಲು, ಕರಗಿದ ಮೇಣ. ನಡುಮಧ್ಯಾಹ್ನದಲ್ಲೇ ಕೋಣೆ ಕತ್ತಲಾಯಿತು. ಗೋಡೆಯಾಚೆ ಯಾರೋ ಒಂದೇ ಸಮನೆ ಗೊಣಗುತ್ತಿದ್ದರು. ಕತ್ತಿಗೆ ಏನೋ ಸುತ್ತಿಕೊಂಡಿತು. ತಡವಿದ. ಏನೂ ಇಲ್ಲ. ಅದು ಬಿಗಿಯಾಯಿತು. ಕತ್ತರಿ ಬಿತ್ತು. ಕೂಗಿದ. ಸದ್ದು ಹೊರಡಲಿಲ್ಲ.

ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ತನ್ನ ದಾರ.

"ಚಿಕ್ಕಮ್ಮನ ಕಡೆಯವ್ರು ತಗೊಂಡು ಹೋಗಿದ್ದು ನಿಮ್ಮ ದಾರ. ನೀವು ಊಟಕ್ಕೆ ಹೋದಾಗ ಮೊಳೆಯಲ್ಲಿ ನಾನೇ ಬದಲಾಯಿಸ್ದೆ," ಎಂದಳು. "ಅಜ್ಜಿ ಹೇಳಿದ್ಲಲ್ಲ, ಸುಡಿ ಅಂತ."

ಅವನು ಕಾಲು ಬಡಿಯುವುದು ನಿಲ್ಲುವವರೆಗೂ ಅವಳು ಕಣ್ಣು ಕೀಳಲಿಲ್ಲ. ಆಮೇಲೆ ತನ್ನ ದಾರವನ್ನು ದೀಪಕ್ಕೆ ಹಿಡಿದು, ಬೂದಿಯಾಗುವ ತನಕ ಕಾದಳು.

ಓಡಿ ಬಂದ ದಾದಿ ನೆಲದ ಮೇಲೆ ಬಿದ್ದವನನ್ನು ಕಂಡು ಗೋಡೆಗೆ ಒರಗಿದಳು.

"ಪಟ್ಟದ ಬಟ್ಟೆ ಅರ್ಧಕ್ಕೇ ನಿಂತಿದೆ ಅಜ್ಜಿ, ಬೇರೆ ದರ್ಜಿನ ಕರೆಸು," ಎಂದಳು ಹುಡುಗಿ, ಕತ್ತರಿಯನ್ನು ಎತ್ತಿ ಮೇಜಿನ ಮೇಲಿಡುತ್ತಾ. "ಚಿಕ್ಕಮ್ಮಂಗೆ ಹೊಲಿಯೋನೇ ಬರ್ಲಿ. ಅವಳ ಅಳತೆ ಅವನ ಹತ್ರ ಇರುತ್ತೆ."