ಹಾಳೂರಿನ ಹಗೇವು

ಹಾಳೂರಿನ ಅಗೆತಕ್ಕೆ ದಿನಕ್ಕೆ ಏಳು ಸಾವಿರ ಖರ್ಚು: ಆಳುಗಳ ಕೂಲಿ, ಡೇರೆ ಬಾಡಿಗೆ, ಜೀಪಿನ ಡೀಸೆಲ್. ಒಂದು ದಿನ ನಿಂತರೆ ಅಷ್ಟೂ ದಂಡ. ಆದರೂ ಆ ಬೆಳಿಗ್ಗೆ ಪುರಾತತ್ವ ಸಂಶೋಧಕಿ ಅನುಶ್ರೀ ಕೆಲಸ ನಿಲ್ಲಿಸಿ ಠಾಣೆಗೆ ಬಂದಳು. ಡೇರೆಯಲ್ಲಿ ಮಲಗುತ್ತಿದ್ದ ಸಹಾಯಕ ಕೀರ್ತಿಕುಮಾರ್ ಕಾಣೆ.

ಸಬ್ ಇನ್ಸ್‌ಪೆಕ್ಟರ್ ನಾಣಯ್ಯ ದೂರು ಬರೆಸಿಕೊಂಡ. "ಕೊನೇಗೆ ನೋಡಿದ್ದೆಲ್ಲಿ?"

"ನಿನ್ನೆ ಸಂಜೆ, ಹಗೇವಿನ ಹತ್ರ. ಅಳತೆ ತಗೋತೀನಿ, ನೀವು ನಡೀರಿ ಅಂದ. ಬೆಳಿಗ್ಗೆ ನೋಡಿದ್ರೆ ಹಗೇವಿನ ಬಾಯಿ ಮುಚ್ಚಿತ್ತು. ಮೋಡ ನೋಡಿ ಅವನೇ ಮುಚ್ಚಿರ್ಬೇಕು ಅಂದ್ಕೊಂಡೆ. ಪಕ್ಕದ ಊರಲ್ಲಿ ಮನೆ ಮನೆ ಕೇಳಿ ಬಂದೆ, ಯಾರೂ ನೋಡಿಲ್ಲ ಅಂದ್ರು."

ಶಿರಂಗಾಲದಾಚೆಯ ಆ ಊರನ್ನು ಜನ ಬಿಟ್ಟು ಐನೂರು ವರ್ಷವಾಗಿತ್ತು. ಮಾರಿ ಬಂದು ಊರೇ ಎದ್ದುಹೋಯಿತೆಂದು ಸುತ್ತಲಿನವರ ಮಾತು. ಉಳಿದದ್ದು ಮನೆಗಳ ಅಡಿಪಾಯ, ಹೊಲದ ಬದುಗಳು, ನೆಲದೊಳಗೆ ಧಾನ್ಯ ತುಂಬಿಡುತ್ತಿದ್ದ ಹಗೇವು. ಮೇಲೆ ಒಬ್ಬ ಇಳಿಯುವಷ್ಟು ಬಾಯಿ, ಒಳಗೆ ಗುಡಾಣದಂಥ ಹೊಟ್ಟೆ.

ಪೊಲೀಸರು ಬಂದು ಹಗೇವಿನ ಬಾಯಿಯ ಹಸಿಮಣ್ಣು ಸರಿಸಿದಾಗ ಚಪ್ಪಡಿ ಸಿಕ್ಕಿತು. ಅದರ ಮೇಲೆ ಸುಣ್ಣದಲ್ಲಿ ಬರೆದಿತ್ತು: ನಾಳೆ ಬಾ.

ಹೆಡ್ ಕಾನ್‌ಸ್ಟೆಬಲ್ ಮಾಯಿಲಪ್ಪ ಹಾರೆ ಕೆಳಗಿಟ್ಟ. "ಸಾರ್, ಮಾರಿ ಬಂದು ಹೆಸರು ಹಿಡಿದು ಕರೆದ್ರೆ, ಓಗೊಡದೆ ಬರೆಯೋದು ಇದು."

"ಗೊತ್ತು. ಹಾರೆ ಎತ್ತು."

"ಮನೇಲಿ ಸಣ್ಣ ಮಕ್ಕಳವೆ ಸಾರ್."

"ನನ್ನ ಮನೇಲೇನು ಕೋಳಿಮರಿ ಇದಾವಾ? ಎತ್ತಯ್ಯಾ."

ನಾಣಯ್ಯನೂ ಹಾರೆಗೆ ಕೈಕೊಟ್ಟ. ಚಪ್ಪಡಿ ಜರುಗಿತು. ಬಿಸಿ ಉಸಿರಿನಂಥ ಗಾಳಿ ಮುಖಕ್ಕೆ ಬಡಿಯಿತು. ಇಳಿಬಿಟ್ಟ ಲಾಟೀನು ಅರ್ಧದಲ್ಲೇ ಆರಿತು. ಟಾರ್ಚ್ ಹಾಯಿಸಿದರೆ, ಮುರಿದ ಏಣಿಯ ಪಕ್ಕ ಕೀರ್ತಿಕುಮಾರ್ ಮೇಲೆ ನೋಡುತ್ತ ಕೂತಿದ್ದ. ಉಗುರುಗಳು ಕಿತ್ತುಹೋಗಿದ್ದವು. ಬೆಳಕು ಬಿದ್ದರೂ ಕಣ್ಣು ಮಿಟುಕಲಿಲ್ಲ.

ಎಫ್‌ಐಆರ್, ಪಂಚನಾಮೆ ಮುಗಿಸಿ ಪಕ್ಕದ ಊರಿಗೆ ಬಂದರು. ಹಸಿ ಸುಣ್ಣದ ಅದೇ ಬರಹ ಒಂದೇ ಒಂದು ಬಾಗಿಲ ಮೇಲಿತ್ತು. ಹಾಳೂರಿನ ಬದುಗಳ ನಡುವೆ ಜೋಳ ಬೆಳೆಯುವ ಕೆಂಪಣ್ಣನ ಮನೆ. ಒಳಗೆ ಮೊಮ್ಮಗಳು ಧನುಶ್ರೀ ಜ್ವರದಲ್ಲಿ ನರಳುತ್ತಿದ್ದಳು.

"ಚಪ್ಪಡಿ ಎಳೆದದ್ದು ನೀನಾ?"

"ಹೂಂ ಸಾ. ಅವ್ರು ಹಗೇವಿನ ಬಾಯಿ ತೆರೆದ ದಿನವೇ ಕೂಸಿಗೆ ಜ್ವರ ಬಂತು. ಮುಚ್ಚಿಬುಡಾನ ಅಂತ ಹೋದೆ. ಒಳಗಿಂದ ನನ್ನೆಸ್ರು ಹಿಡಿದು ಕರೀತು."

"ಕರೆದವನು ಕೀರ್ತಿ."

"ಆಗ ಗೊತ್ತಿಲ್ಲ ಸಾ. ಓಗೊಡನಿಲ್ಲ."

"ಬೆಳಿಗ್ಗೆ ಮೇಡಂ ನಿನ್ನ ಬಾಗಿಲಿಗೇ ಬಂದು ಕೇಳಿದ್ರಲ್ಲ, ಆಗ?"

ಕೆಂಪಣ್ಣ ಮೊಮ್ಮಗಳ ಕಡೆ ನೋಡಿದ. "ಆಗ ಗೊತ್ತಾಯ್ತು. ತೆಗೆದ್ರೆ ಅವ್ನ ಜೊತೆ ಮಾರೀನೂ ಈಚೆ ಬತ್ತದಲ್ಲ ಸಾ."

ಕೊಲೆಯಲ್ಲದ ನರಹತ್ಯೆಯ ಆರೋಪದಡಿ ಅವನನ್ನು ಬಂಧಿಸಿದರು. ನಾಣಯ್ಯ ಅದೇ ಜೀಪಿನಲ್ಲಿ ಹುಡುಗಿಯನ್ನೂ ಕುಶಾಲನಗರದ ಆಸ್ಪತ್ರೆಗೆ ಸೇರಿಸಿದ. ಬಂದದ್ದು ಟೈಫಾಯ್ಡ್. ಮಾತ್ರೆ, ಗ್ಲೂಕೋಸಿಗೆ ಇಳಿಯಿತು, ಮಗು ಉಳಿಯಿತು. ಮರಣೋತ್ತರ ವರದಿಯ ಪ್ರಕಾರ ಕೀರ್ತಿಕುಮಾರ್ ಆ ಬೆಳಿಗ್ಗೆ ಬಿಸಿಲೇರುವ ತನಕ ಬದುಕಿದ್ದ.