ಬಾಗಿಲಲ್ಲಿ ಚಪ್ಪಲಿ ರಾಶಿ

"ಇದೂ ಕ್ಲೋಸಾ?" ಎನ್ನುತ್ತಾ ಅಜ್ಜಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅಪ್ಪ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಓಪನ್ ಅಂತ ತೋರಿಸ್ತಿದೆ. ಫೈವ್ ಸ್ಟಾರ್ ಬೇರೆ."

ಹೋಟೆಲಿನ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಸಮುದ್ರ ನೋಡಲು ಬಂದ ಮೂವರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಫೋನ್ ತೋರಿಸಿದ ಮೊದಲ ಹೋಟೆಲಂತೂ ಬಟ್ಟೆ ಅಂಗಡಿಯಾಗಿ ಹೋಗಿತ್ತು.

"ಈ ಊರಿನವರು ಊಟಾನೇ ಮಾಡಲ್ವೇನೋ," ಅಪ್ಪ ಗೊಣಗಿದ.

"ಮಾಡ್ತಾರೆ. ಅವರ ಹಿಂದೆ ಹೋದ್ರೆ ಸಿಗುತ್ತೆ. ನಾನು ಕಂಡುಹಿಡೀತೀನಿ," ಅಂದಳು ಚೂಟಿ. ಇಂಥ ಮಾತುಗಳಿಂದಲೇ ಅವಳಿಗೆ ಆ ಹೆಸರು ಬಂದದ್ದು.

"ಸರಿ, ನಡಿ," ಅಂದ ಅಪ್ಪ. "ಎಡವಟ್ಟಾದ್ರೆ ಇನ್ಮೇಲೆ ಹೋಟೆಲ್ ವಿಷಯಕ್ಕೆ ನೀನು ಬಾಯಿ ಹಾಕೋ ಹಾಗಿಲ್ಲ."

ಚೂಟಿ ಕಣ್ಣು ಕಿರಿದು ಮಾಡಿ ನೋಡಿದಳು. ಮಂಡಿಯವರೆಗೆ ಒದ್ದೆಯಾದ ಗಂಡಸರು ಒಬ್ಬೊಬ್ಬರಾಗಿ ಒಂದು ಓಣಿಗೆ ತಿರುಗುತ್ತಿದ್ದರು. ಓಣಿಯ ಕೊನೆಯಲ್ಲಿ ಒಂದು ಬಾಗಿಲು, ಅದರ ಮುಂದೆ ಚಪ್ಪಲಿಗಳ ರಾಶಿ. ಒಳಗಿಂದ ಹುರಿದ ಮೀನಿನ ಘಮ.

"ಇಷ್ಟು ಚಪ್ಪಲಿ ಇದೆ ಅಂದ್ರೆ ಊಟ ಸೂಪರ್ ಇರಬೇಕು," ಅಂದಳು.

ಅಂಗಳದಲ್ಲಿ ಉದ್ದದ ಬೆಂಚುಗಳಿದ್ದವು. ತಟ್ಟೆ ಹಿಡಿದಿದ್ದ ಹೆಂಗಸೊಬ್ಬಳು ಅಜ್ಜಿಯನ್ನು ನೋಡಿ, "ಬನ್ನಿ ಅಮ್ಮಾ, ಕೂತ್ಕೊಳ್ಳಿ," ಎಂದು ಜಾಗ ಮಾಡಿಕೊಟ್ಟಳು.

"ಮೆನು ಇಲ್ವಾ?" ಅಪ್ಪ ಕೇಳಿದ.

ಅವಳು ಮೂವರ ಮುಖವನ್ನೂ ಒಮ್ಮೆ ನೋಡಿ, "ಇರೋದು ಇಷ್ಟೇ," ಎಂದು ನಗುತ್ತಾ ಬಿಸಿ ಅನ್ನ, ಮೀನು ಬಡಿಸಿದಳು. ಮೂವರೂ ತಲೆ ಎತ್ತದೆ ಉಂಡರು. "ಉಪ್ಪು ಒಂಚೂರು ಕಮ್ಮಿ," ಎನ್ನುತ್ತಲೇ ಅಪ್ಪ ಮೂರನೇ ಸಲ ಹಾಕಿಸಿಕೊಂಡ. ಚೂಟಿ ಹೆಮ್ಮೆಯಿಂದ ಬೀಗಿದಳು.

ಅವಳು ಕೈ ತೊಳೆಯಲು ಹೋದಾಗ ನಲ್ಲಿಯ ಪಕ್ಕದ ಲೋಟದಲ್ಲಿ ಟೂತ್‌ಬ್ರಷ್‌ಗಳು ಕಂಡವು. ಹಗ್ಗದ ಮೇಲೆ ಸ್ಕೂಲ್ ಯೂನಿಫಾರ್ಮ್ ಒಣಗುತ್ತಿತ್ತು. ಒಳಗೆ ಮಂಚದ ಮೇಲೆ ಮಗುವೊಂದು ಮಲಗಿತ್ತು. ಹೋಟೆಲಿನಲ್ಲಿ ಯಾರು ಹಲ್ಲುಜ್ಜುತ್ತಾರೆ?

ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಮೀನುಗಾರ ಕೇಳಿದ, "ನಿಮ್ಮಪ್ಪ ಯಾವ ಕಡೆ ಹಗ್ಗ ಹಿಡಿದಿದ್ರು? ನಾನು ನೋಡ್ಲೇ ಇಲ್ಲ."

"ಯಾವ ಹಗ್ಗ?"

"ಬೆಳಗ್ಗೆ ದೋಣಿ ಮೇಲಕ್ಕೆ ಎಳೆದ್ವಲ್ಲ, ರಿಪೇರಿಗೆ. ಎಳೆದವರಿಗೆಲ್ಲ ದೋಣಿಯವರ ಮನೇಲೇ ಊಟ."

ಅಂದರೆ ಇದು ಹೋಟೆಲೇ ಅಲ್ಲ, ದೋಣಿಯವರ ಮನೆ! ಬಾಯಿ ಬಿಟ್ಟರೆ ಅಪ್ಪ ಇನ್ನು ಜನ್ಮದಲ್ಲಿ ತನ್ನ ಮಾತು ಕೇಳುವುದಿಲ್ಲ. ಬಿಡದಿದ್ದರೆ? ಅಷ್ಟರಲ್ಲಿ ಅಪ್ಪನ ದನಿ ಕೇಳಿಸಿತು, "ಇನ್ನೊಂದು ಮೀನು ಕೊಡಿ. ಆಮೇಲೆ ಬಿಲ್."

ಅವಳು ಓಡಿಹೋಗಿ ಆ ಹೆಂಗಸಿನ ಮುಂದೆ ನಿಂತಳು. "ಆಂಟಿ, ತಪ್ಪಾಯ್ತು. ಹೋಟೆಲ್ ಅಂದ್ಕೊಂಡು ನಾನೇ ಇವರನ್ನ ಕರ್ಕೊಂಡು ಬಂದೆ. ನಾವು ಹಗ್ಗ ಎಳೆದಿಲ್ಲ."

ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

"ಮೊದ್ಲು ಯಾರದೋ ನೆಂಟರು ಅಂದ್ಕೊಂಡೆ," ಅಂದಳು ಮನೆಯಾಕೆ. "ನಿಮ್ಮಪ್ಪ ಮೆನು ಕೇಳಿದಾಗ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಜ್ಜಿ ಹಸ್ಕೊಂಡು ಎದ್ದುಬಿಡ್ತಿದ್ರು, ಅದಕ್ಕೆ."

ಮೊದಲು ನಕ್ಕವಳು ಅಜ್ಜಿ. "ನೋಡಮ್ಮಾ, ಪುಕ್ಕಟೆ ಊಟಕ್ಕೆ ಉಪ್ಪು ಕಮ್ಮಿಯಂತೆ ನನ್ನ ಮಗನಿಗೆ," ಎಂದದ್ದೇ ಅಂಗಳದಲ್ಲಿ ನಗುವೋ ನಗು. ಚೂಟಿಯ ಎದೆಯಿಂದ ಭಾರ ಇಳಿದಂತಾಯಿತು. ನಾಚಿ ಕೆಂಪಾದ ಅಪ್ಪ ಪರ್ಸ್ ತೆಗೆದ.

"ಅದನ್ನ ಒಳಗಿಡಿ," ಅಂದಳು ಮನೆಯಾಕೆ. "ದೋಣಿ ಇನ್ನೂ ಅರ್ಧ ದಾರೀಲೇ ಇದೆ."

ಸ್ವಲ್ಪ ಹೊತ್ತಿನಲ್ಲಿ ಅಪ್ಪ ಪ್ಯಾಂಟ್ ಮಡಚಿ ಮರಳಿನಲ್ಲಿ ನಿಂತಿದ್ದ. ಅವನ ಮುಂದೆ ಚೂಟಿ ಹಗ್ಗ ಹಿಡಿದಿದ್ದಳು. ಎಲ್ಲರೂ ಉಸಿರು ಬಿಗಿಹಿಡಿದು ಎಳೆದರು. ದೋಣಿ ಕಿರ್ ಎಂದು ಸದ್ದು ಮಾಡಿ ಒಂದು ಗೇಣು ಮೇಲೆ ಬಂತು.

"ಚೂಟಿ," ಹಿಂದಿನಿಂದ ಅಪ್ಪ ಏದುಸಿರಿನಲ್ಲೇ ಹೇಳಿದ, "ರಾತ್ರಿ ಊಟಕ್ಕೆ ಎಲ್ಲಿ ಅಂತ ನೀನೇ ನೋಡು."

"ನೋಡ್ತೀನಿ. ಕೂರೋಕೆ ಮುಂಚೆ ಒಂದು ಮಾತು ಕೇಳ್ತೀನಿ ಅಷ್ಟೇ."

ಅಂಗೈ ಉರಿಯುತ್ತಿತ್ತು. ಆದರೂ ಅವಳು ಹಗ್ಗ ಬಿಡಲಿಲ್ಲ. ಉಂಡ ಊಟ ಈಗ ಮೈಗೆ ಹತ್ತಿತು ಅನ್ನಿಸಿತು ಅವಳಿಗೆ.